ಎಡ ಭುಜದ ಗುಂಡುಪಿನ್ನು

ಈಗ ನಾನು ಮಾಡುವ ಗೊಂಬೆಗಳಿಗೆಲ್ಲ ಸೆಣಬಿನ ನಾರಿನ ಕೂದಲು. ಕೊಳ್ಳಲು ಬಂದವರು ಅದನ್ನು ಬೆರಳಲ್ಲಿ ಎಳೆದು ನೋಡಿ, "ನಿಜವಾದ ಕೂದಲು ಹಾಕಿದ್ರೆ ಇನ್ನೂ ಚೆನ್ನಾಗಿರೋದು ಮೇಡಂ" ಅನ್ನುತ್ತಾರೆ. ನಾನು ನಗುತ್ತೇನೆ. ಒಳಗೊಳಗೇ ಮೈ ಉರಿಯುತ್ತದೆ. ನಿಜವಾದ ಕೂದಲಿನ ಗೊಂಬೆಯನ್ನು ಬದುಕಿನಲ್ಲಿ ಒಂದೇ ಒಂದು ಸಲ ಮಾಡಿದ್ದೇನೆ. ಆ ಒಂದು ಗೊಂಬೆಗೆ ನನ್ನ ತವರು ಹೋಯಿತು.

ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ. ಮಹಡಿಯ ಮೇಲಿನ ಕೋಣೆಯೊಂದು ನನ್ನ ಪಾಲಿಗೆ. ನಮ್ಮ ಯಜಮಾನರು ಅದಕ್ಕೆ ಕಸದ ಗೂಡು ಅಂತ ಹೆಸರಿಟ್ಟಿದ್ದಾರೆ. ಹಳೆಯ ಪತ್ರಿಕೆ, ಲಗ್ನಪತ್ರಿಕೆ, ಹರಿದ ಸೀರೆ, ತಂತಿ, ಗುಂಡಿ, ಒಣಗಿದ ಕಬ್ಬಿನ ಸೋಗೆ, ಎಲ್ಲವೂ ಅಲ್ಲಿ ಗೊಂಬೆಯಾಗುತ್ತವೆ. ತಂತಿ ಬಗ್ಗಿಸಿ ಮೂಳೆ, ಅದರ ಮೇಲೆ ಕಾಗದದ ಹಿಟ್ಟು ಮೆತ್ತಿ ಮೈ. ಬೆರಳುಗಳನ್ನು ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಕತ್ತರಿಸುತ್ತೇನೆ. ಮದುವೆ ದುಬಾರಿಯದಾದಷ್ಟೂ ಬೆರಳು ಗಟ್ಟಿ. ಈ ವಿದ್ಯೆಯನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ಅವ್ವ ಕಲಿಸಿದ್ದು. ನಮ್ಮ ಹಳ್ಳಿಯ ಹೆಂಗಸರು ಕಾಗದ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿ ಪುಟ್ಟಿ ಮಾಡುತ್ತಿದ್ದರು. ಮೆಂತ್ಯ ಇದ್ದರೆ ಹುಳು ಹಿಡಿಯುವುದಿಲ್ಲ. ಅವ್ವನ ಪುಟ್ಟಿಯಲ್ಲಿ ಹುರುಳಿಕಾಳು ಇರುತ್ತಿತ್ತು. ನಾನು ಅದೇ ಹಿಟ್ಟಿಗೆ ಮೂಗು, ಬಾಯಿ ಇಟ್ಟೆ, ಅಷ್ಟೇ.

ತವರು ಮಳವಳ್ಳಿಯಿಂದಾಚೆಯ ಒಂದು ಹಳ್ಳಿ. ಅಲ್ಲಿ ಅಣ್ಣ, ಅತ್ತಿಗೆ, ಅವರ ಜೊತೆ ಅವ್ವ. ಅಣ್ಣ ಓದಿದವನು. ಬ್ಲಫ್ ವಿದ್ಯುದಾಗಾರದಲ್ಲಿ ಕೆಲಸ, ಕರೆಂಟು ಹುಟ್ಟಿಸುವ ಯಂತ್ರಗಳ ಮುಂದೆ ಪಾಳಿಯಲ್ಲಿ ಕೂರುತ್ತಾನೆ. ಅವ್ವ ಆಗಾಗ ಗುತ್ತಲಿಗೆ ಬಂದು ವಾರಗಟ್ಟಲೆ ಇರುತ್ತಿದ್ದಳು. ಅತ್ತಿಗೆಗೆ ಅದು ಹಿಡಿಸುತ್ತಿರಲಿಲ್ಲ. ಅತ್ತೆ ಹೋಗಿ ಮಗಳ ಮನೆಯಲ್ಲಿ ಕೂತರೆ ಊರವರು ಆಡಿಕೊಳ್ಳುವುದು ಸೊಸೆಯನ್ನು ತಾನೆ? "ಅದೇನ್ ಮದ್ದು ಆಕಿದ್ದೀಯೋ ಕಣಮ್ಮ, ನಮ್ಮತ್ತೆ ಕುಂತ್ರೂ ನಿಂತ್ರೂ ಗುತ್ಲು ಅಂತಾರೆ" ಎಂದು ನನ್ನೆದುರೇ ಹೇಳಿ ನಕ್ಕಿದ್ದರು. ನಾನೂ ನಕ್ಕಿದ್ದೆ. ಊಟದಲ್ಲಿ ಏನೋ ಬೆರೆಸಿ ಒಬ್ಬರ ಮನಸ್ಸನ್ನು ಕಟ್ಟಿಹಾಕುವುದಕ್ಕೆ ಮದ್ದು ಹಾಕುವುದು ಅನ್ನುತ್ತಾರೆ. ನಮ್ಮ ಕಡೆ ಇದು ತಮಾಷೆಯ ಮಾತೂ ಹೌದು, ತಮಾಷೆಯಲ್ಲದ ಮಾತೂ ಹೌದು. ಯಾವ ಹೊತ್ತಿನಲ್ಲಿ ಯಾವುದು ಎಂದು ಬಿಡಿಸಿ ಹೇಳುವವರು ಇನ್ನೂ ಹುಟ್ಟಿಲ್ಲ.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಅವ್ವ ಬಂದಿದ್ದಾಗ ನನ್ನ ಕೋಣೆಯಲ್ಲಿ ಕೂತು ಗೊಂಬೆಗಳನ್ನು ಒಂದೊಂದಾಗಿ ನೋಡಿದಳು. ಸೊಪ್ಪು ಮಾರುವವಳು, ಕಬ್ಬು ಕಡಿಯುವವಳು, ಬಸ್ಸಿಗೆ ಕಾಯುವ ಟೀಚರು.

"ಊರೋರ್ನೆಲ್ಲ ಮಾಡಿದ್ದೀಯಲ್ಲ, ನಾನ್ ಏನ್ ಪಾಪ ಮಾಡಿದ್ದೆ?" ಅಂದಳು.

ಅಲ್ಲಿಂದ ಶುರುವಾಯಿತು. ತನ್ನ ಹಳೆಯ ಗಿಣಿಹಸಿರು ಸೀರೆಯ ಸೆರಗನ್ನು ತಾನೇ ಕತ್ತರಿಸಿಕೊಟ್ಟಳು. ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಎತ್ತಿಡುವುದು ಅವ್ವನ ಅಭ್ಯಾಸ. ಕೂದಲಿಗೆ ಸ್ಟೀಲು ಪಾತ್ರೆ ಕೊಡುವವನು ಬೀದಿಗೆ ಬಂದಾಗ ಹಾಕುವುದಕ್ಕೆ. ಚೀಲದಿಂದ ಆ ಉಂಡೆಯನ್ನೂ ತೆಗೆದಳು. "ತಗೊ, ಪಾತ್ರೆಯೋನ್ಗೆ ಆಕೋದ್ನ ನಿಂಗೇ ಆಕ್ತೀನಿ. ಬಿಳೀದು ಕರೀದು ಎರಡೂ ಅದೆ, ನನ್ ಥರಾನೇ ಕಾಣ್ತದೆ." ನಾನು ಕೇಳಿದ್ದಲ್ಲ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ: ನಾನು ಕೇಳಿದ್ದಲ್ಲ.

ಆ ಗೊಂಬೆಯ ಹಾಗೆ ಇನ್ನೊಂದನ್ನು ನಾನು ಮಾಡಲಾರೆ. ಓಲೆಯ ಭಾರಕ್ಕೆ ಜೋತುಬಿದ್ದ ಕಿವಿ, ಸ್ವಲ್ಪ ಮುಂದೆ ಬಂದ ಕೆಳತುಟಿ, ಹುಬ್ಬಿನ ನಡುವಿನ ಗಂಟು, ಎಲ್ಲ ಬಂದಿತ್ತು. ಅವ್ವ ದೂರದಿಂದಲೂ ಹತ್ತಿರದಿಂದಲೂ ನೋಡಿ, "ಇದ್ಯಾಕೆ ಇಂಗ್ ಮೊಕ ಗಂಟಾಕ್ಕಂಡದೆ?" ಅಂದಳು.

"ನೀನು ಅಂಗೇ ಇರೋದು ಕಣವ್ವ" ಅಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಆ ನಗು ಈಗಲೂ ಬೇಕು.

ಹೊರಗೆ ಜಿಟಿಜಿಟಿ ಮಳೆ. ಬಟ್ಟೆಗೆ ಹಚ್ಚಿದ ಮೈದಾ ಅಂಟು ಒಣಗಲೇ ಇಲ್ಲ. ಅಂಟು ಹಿಡಿಯುವ ತನಕ ಸೆರಗು ಜಾರದಂತೆ ಭುಜಕ್ಕೆ ಗುಂಡುಪಿನ್ನು ಚುಚ್ಚಿಡಬೇಕು. ಸೀರೆ ಉಟ್ಟ ಪ್ರತಿಯೊಂದು ಗೊಂಬೆಗೂ ನಾನು ಮಾಡುವುದು ಹಾಗೆಯೇ. ಚುಚ್ಚುವುದು ಎಡ ಭುಜಕ್ಕೆ, ಯಾಕೆಂದರೆ ಹೆಂಗಸರು ಸೆರಗು ಹಾಕುವುದು ಎಡಕ್ಕೆ. ಅಷ್ಟರಲ್ಲಿ ಅಣ್ಣ ಫೋನು ಮಾಡಿ ಅವ್ವನನ್ನು ಕರೆದ. ಒಣಗಿದ ಮೇಲೆ ನಾನೇ ತಂದುಕೊಡುತ್ತೇನೆ ಅಂದರೂ ಅವ್ವ ಕೇಳಲಿಲ್ಲ. "ನನ್ನ ನಾನೇ ಎತ್ಕಂಡು ಓಯ್ತೀನಿ, ಬುಡು" ಎಂದು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನ ಕುಲುಕಾಟಕ್ಕೆ ಸೆರಗು ಬಿಚ್ಚಿಹೋದೀತೆಂದು ನಾನು ಇನ್ನೆರಡು ಪಿನ್ನು ಜಾಸ್ತಿ ಚುಚ್ಚಿ, ಒಣಗಿದ ಮೇಲೆ ತೆಗೆದುಬಿಡು ಅಂದೆ. ಆಗಲಿ ಅಂದಳು.

ಊರಿಗೆ ಹೋಗಿ ಅವ್ವ ಅದನ್ನು ಯಾರಿಗೂ ತೋರಿಸಲಿಲ್ಲ. ಫೋನಿನಲ್ಲಿ ನನಗೆ ಹೇಳಿದ್ದಳು: "ವಯಸ್ಸಾದ ಕಾಲ್ದಲ್ಲಿ ಗೊಂಬೆ ಆಡ್ತಾಳೆ ಅಂತ ನಿಮ್ಮತ್ಗೆ ಆಡ್ಕತಾಳೆ ಕಣವ್ವ. ಟ್ರಂಕ್ನಲ್ಲಿ ಮಡಗಿದ್ದೀನಿ. ಯಾರೂ ಇಲ್ದಾಗ ತೆಗ್ದು ನೋಡ್ಕತೀನಿ." ಪಿನ್ನು ತೆಗೆದಳೋ ಇಲ್ಲವೋ ಎಂದು ಕೇಳುವುದು ನನಗೆ ಹೊಳೆಯಲಿಲ್ಲ. ಯಾರಿಗೆ ತಾನೆ ಹೊಳೆಯುತ್ತದೆ?

ಮುಂದಿನದು ನನಗೆ ಅಣ್ಣನ ಬಾಯಿಂದಲೇ ತಿಳಿದದ್ದು. ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಕುಸಿದು ಬಿದ್ದಳು. ಬಾಯಿ ಸೊಟ್ಟಗಾಗಿತ್ತು, ಎಡಗೈ ಎಡಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು. ಅಣ್ಣ ತಕ್ಷಣ ಕಾರು ಗೊತ್ತುಮಾಡಿದ, ಮಂಡ್ಯದ ಆಸ್ಪತ್ರೆಗೆ ಎಂದೇ. ಅಲ್ಲಿ ಆಧಾರ್ ಕಾರ್ಡು ಕೇಳುತ್ತಾರಲ್ಲ ಎಂದು ಅತ್ತಿಗೆ ಅವ್ವನ ಟ್ರಂಕು ತೆರೆದರು. ಸೀರೆಗಳ ಅಡಿಯಲ್ಲಿ ಟವೆಲಿನ ಗಂಟು ಸಿಕ್ಕಿತು. ಬಿಚ್ಚಿದರೆ ಅವ್ವನ ಮುಖ, ಅವ್ವನ ಸೀರೆ, ಅವ್ವನ ಕೂದಲು. ಎಡ ಭುಜದಲ್ಲಿ ತುಕ್ಕು ಹಿಡಿದ ಗುಂಡುಪಿನ್ನುಗಳು.

ನಾನು ಅಲ್ಲಿದ್ದು, ಏನೂ ತಿಳಿಯದೆ ಆ ಟ್ರಂಕು ತೆರೆದಿದ್ದರೆ ನಾನೂ ಚೀರುತ್ತಿದ್ದೆನೇನೋ. ಇಷ್ಟನ್ನು ಅತ್ತಿಗೆಗೆ ಬಿಟ್ಟುಕೊಡುತ್ತೇನೆ. ಆದರೆ ನನಗೆ ಒಂದು ಫೋನು ಮಾಡಲು ಏನಾಗಿತ್ತು?

ಮಳವಳ್ಳಿಯಿಂದ ಮದ್ದೂರಿಗೆ ಬಂದು, ಅಲ್ಲಿಂದ ಹೆದ್ದಾರಿ ಹಿಡಿದರೆ ಅರ್ಧ ಗಂಟೆಯಲ್ಲಿ ಮಂಡ್ಯ. ಕಾರು ಮದ್ದೂರಿಗೇನೋ ಬಂತು, ಮಂಡ್ಯದ ಕಡೆ ತಿರುಗಲಿಲ್ಲ. ಆ ಊರಿನ ಹೊರಗೆ ತಡೆ ಒಡೆಯುವವನೊಬ್ಬನಿದ್ದ. ತಡೆ ಒಡೆಸುವುದು ಅಂದರೆ ಯಾರೋ ಮಾಡಿಸಿದ ಮಾಟವನ್ನು ಮುರಿಸುವುದು. ಅಮಾವಾಸ್ಯೆಯಾದ್ದರಿಂದ ಜನ ಸಾಲುಗಟ್ಟಿ ಕೂತಿದ್ದರು. ಅವ್ವ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಸರದಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಅವನು ಬೂದುಗುಂಬಳ ಒಡೆದು, ನಿಂಬೆಹಣ್ಣು ಹಿಂಡಿ, ಗೊಂಬೆಯನ್ನು ತಿರುಗಿಸಿ ನೋಡಿ, ಇದು ನಿಮ್ಮ ರಕ್ತದವರೇ ಮಾಡಿಸಿದ್ದು, ಹೆಣ್ಣು, ಕೈಯಲ್ಲಿ ಕಸುಬಿದೆ ಅಂದನಂತೆ. ಸರದಿಯಲ್ಲಿ ಕೂತಷ್ಟು ಹೊತ್ತೂ ಅತ್ತಿಗೆ ಅಕ್ಕಪಕ್ಕದವರಿಗೆಲ್ಲ ನನ್ನ ಗೊಂಬೆ ಕಸುಬಿನ ಕಥೆ ಹೇಳಿದ್ದರೆಂದು ಕಾರಿನವನು ಆಮೇಲೆ ನನಗೆ ಹೇಳಿದ. ಅವನಿಗೆ ಕಿವಿ ಇರಲಿಲ್ಲವೇ? ಗೊಂಬೆಯನ್ನು ಶಿಂಷಾ ಹೊಳೆಗೆ ಬಿಡಿಸಿದರು. ಕಾಗದ ತಾನೆ, ಕರಗಿರುತ್ತದೆ.

ಆಸ್ಪತ್ರೆ ಸೇರಿದಾಗ ಸಂಜೆ. ಆಗ ನನಗೆ ಫೋನು ಬಂತು, ಅಣ್ಣನಿಂದಲ್ಲ, ನಮ್ಮೂರಿನವನೇ ಆದ ಕಾರಿನವನಿಂದ. ಓಡಿದೆ. ಡಾಕ್ಟರು ಹೊರಗೆ ಬಂದು, "ಬೆಳಿಗ್ಗೆಯೇ ಯಾಕೆ ಕರೆತರಲಿಲ್ಲ? ಆಗ ಬಂದಿದ್ದರೆ ಕೈ ಉಳಿಯುತ್ತಿತ್ತೇನೋ" ಅಂದರು. ಅಣ್ಣ ನೆಲ ನೋಡಿದ. ನಾಚಿಕೆಪಟ್ಟನೆಂದುಕೊಂಡೆ. ಡಾಕ್ಟರು ಅತ್ತ ಹೋದದ್ದೇ ತಲೆಯೆತ್ತಿ ನನ್ನ ಕಡೆ ತಿರುಗಿದ.

"ನೋಡ್ದಾ? ತೃಪ್ತಿ ಆಯ್ತಾ?"

ಕೂದಲು, ಸೀರೆ, ಪಿನ್ನು, ಮೈದಾ ಅಂಟು, ಒಂದೊಂದನ್ನೂ ಬಿಡಿಸಿ ಹೇಳಿದೆ. ಬೇಕಿದ್ದರೆ ಈಗಲೇ ಮನೆಗೆ ಬಾ, ಕೋಣೆಯಲ್ಲಿರುವ ಅಷ್ಟೂ ಗೊಂಬೆಗಳ ಎಡ ಭುಜ ತೋರಿಸುತ್ತೇನೆ, ಎಲ್ಲದಕ್ಕೂ ಪಿನ್ನಿನ ತೂತಿದೆ ಅಂದೆ. ಅತ್ತಿಗೆ ಬೆಂಚಿನ ಮೇಲಿಂದಲೇ, "ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಟಿ ನೋಡ್ಕಂಡ್ನಂತೆ" ಅಂದರು.

"ಅಣ್ಣಯ್ಯ, ನೀನು ಓದಿದೋನು. ಕರೆಂಟ್ ಉಟ್ಟುಸ್ತೀಯ. ನೀನೂ ನಂಬ್ತೀಯಾ?" ಅಂದೆ.

"ಕರೆಂಟ್ ಕಣ್ಗೆ ಕಾಣ್ತದಾ? ಮುಟ್ಟುದ್ರೆ ಒಡೆಯಕಿಲ್ವಾ?" ಅಂದ ಅಣ್ಣ. "ಇನ್ಮೇಲೆ ನಮ್ ಅಟ್ಟಿ ಕಡೆ ಬರ್ಬ್ಯಾಡ ನೀನು."

ಓದಿ ಓದಿ ಮರುಳಾದ ಕೂಚುಭಟ್ಟ ಅನ್ನುವ ಗಾದೆಯನ್ನು ಯಾರೋ ನನ್ನ ಅಣ್ಣನನ್ನು ನೋಡಿಯೇ ಕಟ್ಟಿರಬೇಕು.

ಮಾತು ಮಳವಳ್ಳಿಯಿಂದ ಗುತ್ತಲಿಗೆ ಬರಲು ಬಸ್ಸಿಗಿಂತ ಕಡಿಮೆ ಹೊತ್ತು ಸಾಕಾಯಿತು. ಗೊಂಬೆ ಕಲಿಯಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರೇ ನಿಂತರು. ಒಬ್ಬಳಿಗೆ ಸೊಂಟ ನೋವು, ಇನ್ನೊಬ್ಬಳಿಗೆ ಮಗನ ಪರೀಕ್ಷೆ. ಎದುರು ಮನೆಯವಳು ತನ್ನ ಬಾಚಣಿಗೆಯ ಕೂದಲನ್ನು ನಮ್ಮ ಕಡೆ ಗಾಳಿ ಬೀಸದಿರುವಾಗ ಎಸೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಗುಂಡುಪಿನ್ನಿಗೆ ಹೋಯಿತು.

ನನಗೆ ಉಳಿದಿದ್ದದ್ದು ಒಂದೇ ಆಸೆ. ಕೂದಲು ಕೊಟ್ಟವಳು ಅವ್ವ, ಸೆರಗು ಕತ್ತರಿಸಿದವಳು ಅವ್ವ, ಟ್ರಂಕಿನಲ್ಲಿ ಇಟ್ಟವಳೂ ಅವ್ವ. ಅವಳ ನಾಲಿಗೆ ತಿರುಗಿದ ದಿನ ಒಂದು ಮಾತು ಹೇಳಿದರೆ ಸಾಕು, ಅಣ್ಣ ಅತ್ತಿಗೆ ಇಬ್ಬರೂ ನನ್ನ ಮುಂದೆ ತಲೆ ತಗ್ಗಿಸುತ್ತಾರೆ. ಬೆಳಿಗ್ಗೆ ಎದ್ದರೆ ಇದೇ ಯೋಚನೆ. ಅವ್ವನ ಕೈಗಿಂತ ಅವ್ವನ ಮಾತಿಗಾಗಿಯೇ ದೇವರಿಗೆ ಹೆಚ್ಚು ಕೈಮುಗಿದೆ ಅನ್ನಿಸುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅತ್ತಿಗೆಯೇ ಫೋನು ಮಾಡಿದರು. "ಅತ್ತೆ ಮಾತಾಡ್ತಾವ್ರೆ. ಆದ್ರೆ ಊಟ ಬುಟ್ಟವ್ರೆ. ನಿನ್ನೇ ಕೇಳ್ತಾವ್ರೆ. ಬಂದು ಮೊಕ ತೋರ್ಸಿ ಓಗು."

ಮದ್ದೂರಿನಲ್ಲಿ ಬಸ್ಸು ಬದಲಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಅತ್ತಿಗೆ ಕ್ಷಮಿಸು ಅಂದಾಗ ಏನು ಹೇಳಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಹೋಗಲಿ ಬಿಡಿ ಅನ್ನಬೇಕು, ಎಲ್ಲ ಲೆಕ್ಕ ಹಾಕಿಕೊಂಡೆ. ನನಗೆ ಖುಷಿಯಾಗಿತ್ತು. ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿದಿತ್ತು.

ಅತ್ತಿಗೆ ಬಾಗಿಲಲ್ಲೇ ತಡೆದರು. ಚೀಲವನ್ನು ಜಗಲಿಯ ಮೇಲೆ ಇಡಿಸಿದರು. ನನ್ನ ಸೆರಗು ನೋಡಿ, "ಆ ಪಿನ್ನೂ ತೆಗ್ದು ಇಲ್ಲೇ ಮಡಗಮ್ಮ" ಅಂದರು. ತೆಗೆದಿಟ್ಟೆ. ಸೆರಗನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದೆ.

ಅವ್ವ ಅರ್ಧದಷ್ಟಾಗಿದ್ದಳು. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅತ್ತಿಗೆಯ ಕಡೆ ಬಲಗೈ ಬೀಸಿ ಆಚೆ ಹೋಗು ಅಂದಳು. ಅವರು ಹೋದರು, ಬಾಗಿಲ ಪರದೆಯ ಆಚೆಯವರೆಗೆ. ಅವ್ವ ನನ್ನನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದಳು. ಒಂದೊಂದೇ ಮಾತನ್ನು ಎಳೆದೆಳೆದು ಆಡಿದಳು.

"ನಾ ಯಾರ್ಗೂ ಏಳಕಿಲ್ಲ ಕಣವ್ವ. ಆಗಿದ್ದಾಯ್ತು. ಈಗ ತೆಗ್ದುಬುಡು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾಡಿದ ಮಾಟವನ್ನು ಮಾಡಿದವರೇ ಹಿಂತೆಗೆಯುವುದಕ್ಕೆ ನಮ್ಮಲ್ಲಿ ತೆಗೆಯುವುದು ಅನ್ನುತ್ತಾರೆ.

"ಅವ್ವ, ಕೂದ್ಲು ಕೊಟ್ಟೋಳು ನೀನೇ ಅಲ್ವಾ? ನೀನೇ ಮಾಡು ಅಂದಿದ್ದು ಗ್ಯಾಪ್ಕ ಇಲ್ವಾ?"

"ಅದೆ. ನಾನೇ ಕೊಟ್ಟೆ. ಕೊಟ್ಟಿದ್ಕೇ ಅಲ್ವಾ ನಿಂಗೆ ಸಲೀಸಾಗಿದ್ದು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಜಗಳವಾಡುತ್ತಿದ್ದೆ. "ನನ್ನ ನಿನ್ ತಾವೇ ಇಟ್ಕಬೇಕು ಅಂತ ಮಾಡ್ಸಿದ್ದೀಯ. ಆಸೆಗೆ ಮಾಡ್ಸಿದ್ದೀಯ. ತಪ್ಪೋಯ್ತು, ಕೈಗೆ ಬಡೀತು. ನಿನ್ ಮ್ಯಾಲೆ ಕ್ವಾಪ ಇಲ್ಲ ಮಗ. ನೀನು ತೆಗೆಯೋಗಂಟ ಅನ್ನ ಗಂಟ್ಲಲ್ಲಿ ಇಳಿಯಕಿಲ್ಲ ಕಣವ್ವ, ತೆಗ್ದುಬುಡು."

ಅಷ್ಟು ತಿಂಗಳು ಆ ಮನೆಯಲ್ಲಿ ಅವಳ ಕಿವಿಗೆ ಬಿದ್ದದ್ದು ಅದೊಂದೇ ಮಾತು. ನಾನು ಹೋಗಿ ಬೇರೆ ಮಾತು ಹೇಳಲು ಅವರು ಬಿಟ್ಟಿರಲಿಲ್ಲ. ಪಕ್ಕದಲ್ಲಿ ತಟ್ಟೆ ಇತ್ತು, ಅದರಲ್ಲಿ ಬೆಳಿಗ್ಗೆಯ ಮುದ್ದೆ ಒಣಗಿತ್ತು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ನನಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಅಣ್ಣನ ಮೇಲೆ, ಅತ್ತಿಗೆಯ ಮೇಲೆ, ನನ್ನ ಹಣೆಬರಹದ ಮೇಲೆ, ನಿಜ ಹೇಳುತ್ತೇನೆ, ಅವ್ವನ ಮೇಲೂ. ಇಲ್ಲ ಅನ್ನಬಹುದಿತ್ತು. ಅಂದರೆ ಅವಳು ಉಣ್ಣುತ್ತಿರಲಿಲ್ಲ.

"ತೆಗ್ದೆ ಕಣವ್ವ" ಅಂದೆ.

"ದಿಟವಾಗ್ಲೂ?"

"ನಿನ್ನಾಣೆ. ತೆಗ್ದುಬುಟ್ಟೆ."

ಅವ್ವ ದೊಡ್ಡದಾಗಿ ಉಸಿರು ಬಿಟ್ಟಳು. ಬಿಸಿ ಮುದ್ದೆ ತಂದುಕೊಟ್ಟರು ಅತ್ತಿಗೆ, ಕೇಳುವ ಮೊದಲೇ. ನಾನು ತುತ್ತು ಮುರಿದು ಸಾರಿನಲ್ಲಿ ಅದ್ದಿದೆ, ಅವ್ವ ಬಾಯಿ ತೆರೆದಳು. ನುಂಗಿದಳು, ಮತ್ತೆ ತೆರೆದಳು. ಪರದೆಯ ಆಚೆ ಅತ್ತಿಗೆ ಫೋನಿನಲ್ಲಿ ಅಣ್ಣನಿಗೆ ಮೆಲ್ಲಗೆ ಹೇಳುತ್ತಿದ್ದರು: "ಒಪ್ಕಂಡ್ಲು ಕಣ್ರೀ."