ದ್ರಾಕ್ಷಿ ಎಲೆಯ ಪತ್ರೊಡೆ

ಇವತ್ತು ಈ ಗಲ್ಫ್ ಊರಿನ ನಮ್ಮ ಖಾಲಿದಿಯಾ ಬಡಾವಣೆಯ ಯಾವ ಅಂಗಡಿಯಲ್ಲೂ ಕೆಸುವಿನ ಎಲೆ ಸಿಗಲಿಲ್ಲ, ಸ್ನೇಹಿತರೇ. ಪತ್ರೊಡೆಯ ಆಸೆ ಮಾತ್ರ ಬಿಡಲಿಲ್ಲ. ಬಾಟಲಿಯಲ್ಲಿ ಸಿಗುವ ದ್ರಾಕ್ಷಿ ಎಲೆಗೇ ಅಕ್ಕಿ ಮಸಾಲೆ ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿದೆ. ಗಂಟಲು ತುರಿಸದಿರಲಿ ಎಂದು ಕೆಸುವಿಗೆ ಹುಣಸೆಹುಳಿ ಹಾಕಿ ರೂಢಿಯಾದ ಕೈ, ಮೊದಲೇ ಹುಳಿಯಿದ್ದ ಈ ಎಲೆಗೂ ಧಾರಾಳವಾಗಿ ಹಾಕಿತು.

ಉಡುಪಿಯಿಂದ ಬಂದಿರುವ ಅತ್ತೆ ಒಂದು ತುಂಡು ಬಾಯಿಗಿಟ್ಟು, "ಇದೆಂಥ ಹುಳಿ ಮಾರಾಯ್ತಿ, ಇದು ಪತ್ರೊಡೆಯೇ ಅಲ್ಲ" ಅಂದರು.

ಪಕ್ಕದ ಫ್ಲ್ಯಾಟಿನ ಹುದಾ ಲೆಬನಾನಿನವಳು, ಇದೇ ಎಲೆಯಲ್ಲಿ ಅನ್ನ ಸುತ್ತುವವಳು. ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ, "ಸಾರಿ ಹಬೀಬ್ತಿ, ದಿಸ್ ಈಸ್ ನಾಟ್ ಅವರ್ಸ್" ಅಂದಳು.

ಹೀಗೆ ಅನ್ನುತ್ತಲೇ ಇಬ್ಬರೂ ಪಾತ್ರೆ ಖಾಲಿ ಮಾಡಿದರು. ಇಬ್ಬರೂ ತಮ್ಮದಲ್ಲ ಎಂದ ಮೇಲೆ ಈ ತಿಂಡಿಗೆ ನಾನೊಬ್ಬಳೇ ವಾರಸುದಾರಳು. ಆದರೆ ನನಗೇ ಒಂದು ತುಂಡೂ ಉಳಿದಿಲ್ಲ.