ಕನ್ನಡದ ಕಪಾಟಿಗೆ ಒಂದು ಕಾರ್ಡು

ಮಕ್ಕಳ ಲೈಬ್ರರಿಯ ಎರಡನೇ ಮಹಡಿಯಲ್ಲಿ, ನೀರಿನ ಕೂಲರಿನ ಪಕ್ಕ, ಕನ್ನಡಕ್ಕೆ ಒಂದೇ ಒಂದು ಕಪಾಟು. ವರ್ಷವಿಡೀ ಯಾವ ಮಗುವೂ ಪುಸ್ತಕ ಒಯ್ಯದಿದ್ದರೆ ಅಂಥ ಕಪಾಟನ್ನು ಗೋಡೌನಿಗೆ ಇಳಿಸಿಬಿಡುತ್ತಾರೆ. ಆ ವರ್ಷ ನಮ್ಮದರಿಂದ ಒಂದೂ ಹೋಗಿರಲಿಲ್ಲ; ಆ ಶನಿವಾರ ಗಡುವಿನ ಕೊನೆಯ ದಿನ. ಬೆಳಗಿನಿಂದ ನನಗೆ ಅನ್ನ ಸೇರಿರಲಿಲ್ಲ. ಒಂದು ಕಪಾಟಿಗೆ ಇಷ್ಟು ಸಂಕಟವೇ ಅಂದರೆ, ಹೌದ್ರೀ, ಸಂಕಟವೇ. ಈ ಊರಿನಲ್ಲಿ ನನ್ನ ಮಗಳು ಕನ್ನಡ ಓದಲು ಕಲಿತದ್ದು ಅದರ ಮುಂದೆ ನೆಲದ ಮೇಲೆ ಕೂತು.

ದೊಡ್ಡವರ ಹೆಸರಿಗೆ ಅಲ್ಲಿ ಪುಸ್ತಕ ಕೊಡುವುದಿಲ್ಲ. ಅದಕ್ಕೇ ಸಯನ್ ಸ್ಟೇಷನ್ನಿನ ಹತ್ತಿರದ ನಮ್ಮ ಬಿಲ್ಡಿಂಗಿನ ಮೂರು ಕನ್ನಡದ ಮಕ್ಕಳಿಗೆ ವಡಾಪಾವ್ ಕೊಡಿಸಿ, ಮಗಳ ಜೊತೆ ಎಳೆದುಕೊಂಡು ಹೋದೆ. ಒಳಗೆ ಕಾಲಿಟ್ಟಿದ್ದೇ ತಡ, ಮೂವರೂ ಕಾಮಿಕ್ಸ್ ಕಡೆ ಓಟ ಕಿತ್ತರು. ಹಿಂದೆಯೇ ಹೋಗಿ ಗೋಗರೆದೆ.

"ಆಂಟಿ, ಕನ್ನಡ ಪಢ್‌ನಾ ನಹೀ ಆತಾ," ಅಂದ ಒಬ್ಬ.

"ಓದೋದು ಬೇಡ ಕಣೋ, ಸುಮ್ನೆ ತಗೋ!"

ಒಂದು ಕಾರ್ಡಿಗೆ ಒಂದೇ ಪುಸ್ತಕ. ಯಾವ ಮಗು ತಾನೇ ಕಾಮಿಕ್ಸ್ ಬಿಟ್ಟುಕೊಡುತ್ತದೆ? ಕೌಂಟರಿನ ಮರಾಠಿ ಮೇಡಮ್‌ಗೆ ಕೈಮುಗಿದೆ, ನನ್ನ ಹೆಸರಿಗೇ ಕೊಡಿ ಅಂತ. "ರೂಲ್ ಆಹೇ, ತಾಈ," ಎಂದು ಆಕೆ ಮುಖ ತಗ್ಗಿಸಿದರು.

ಉಳಿದವಳು ಮಗಳು. ಅವಳ ಕೈಯಲ್ಲಿ ತಿಂಗಳುಗಟ್ಟಲೆ ಕಾದಿದ್ದ ಇಂಗ್ಲಿಷ್ ಕಾದಂಬರಿ. ಅವತ್ತೇ ಅವಳ ಸರದಿ ಬಂದಿತ್ತು. ಬಿಟ್ಟರೆ ಮತ್ತೆ ಸಾಲಿನ ಕೊನೆಗೆ.

"ಇದೊಂದ್ಸಲ ಕಣೇ, ನಿನ್ನ ದಮ್ಮಯ್ಯ," ಅಂದೆ. ಅಯ್ಯೋ ದೇವರೇ, ಹೆತ್ತ ಮಗಳಿಗೆ ದಮ್ಮಯ್ಯ ಗುಡ್ಡೆ ಹಾಕುವ ಗತಿ!

ಅವಳು ಕಾದಂಬರಿಯನ್ನು ಕೌಂಟರಿನ ಮೇಲಿಟ್ಟು, ಕನ್ನಡದ ಕಪಾಟಿನಿಂದ ಕೈಗೆ ಸಿಕ್ಕಿದ್ದೊಂದನ್ನು ತಂದಳು. ಮೇಡಮ್ ಸೀಲು ಒತ್ತಿದರು. ಹಿಂದೆ ನಿಂತಿದ್ದ ಹುಡುಗಿ ಆ ಕಾದಂಬರಿ ತೆಗೆದುಕೊಂಡು ಹೊರಟೇಹೋದಳು.

ವಾಪಸು ಬರುವಾಗ ಲೋಕಲ್ ಟ್ರೇನಿನಲ್ಲಿ ಹೇಗೋ ಸೀಟು ಸಿಕ್ಕಿತು. ಆ ಮೂವರು ಕಾಮಿಕ್ಸ್‌ನಲ್ಲಿ ಮುಳುಗಿದ್ದರು. ಮಗಳು ಮಾತ್ರ ಪುಸ್ತಕ ತೆರೆದಿರಲಿಲ್ಲ. ನನಗೋ ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು.

"ಸದ್ಯ, ಉಳೀತಲ್ಲ ಕಣೇ ನಮ್ ಕಪಾಟು," ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೇ ಚೆನ್ನಾಗಿತ್ತು.

"ಮಮ್ಮೀ, ನೆಕ್ಸ್ಟ್ ಮಂತ್ ನಂಗೆ ಸಿಕ್ಸ್‌ಟೀನ್. ನನ್ ಕಾರ್ಡೂ ಬಂದ್ ಆಗುತ್ತೆ. ಮುಂದಿನ್ ವರ್ಷ ಯಾರ್ನ ಕರ್ಕೊಂಡ್ ಬರ್ತೀ?"