ಅಪ್ಪನ ಹೆಸರಿನ ಕೆಳಗಿನ ಜಾಗ

ಬಂಕಾಪುರದ ನನ್ನ ಡಿಟಿಪಿ ಅಂಗಡಿಯಲ್ಲಿ ಊರವರ ಲಗ್ನಪತ್ರಿಕೆಗಳನ್ನೆಲ್ಲ ಮಾಡಿಕೊಟ್ಟವಳು ನಾನು. ಈ ಸಲ ತಂಗಿಯದೇ ಪತ್ರಿಕೆ. ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ. ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ಮನೆಯ ಹಿರಿಯರು ಓದಿ ಹೂಂ ಅನ್ನದೆ ಪತ್ರಿಕೆ ಅಚ್ಚಿಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ಸಂಜೆಯೊಳಗೆ ಪ್ರೂಫ್ ಅವನ ಕೈ ಸೇರಬೇಕಿತ್ತು.

ಪ್ರಿಂಟರಿನಿಂದ ಹಾಳೆಯನ್ನು ಅವ್ವನೇ ಎಳೆದುಕೊಂಡಳು. ಓದುತ್ತ ಓದುತ್ತ ಒಂದು ಕಡೆ ನಿಂತುಬಿಟ್ಟಳು.

"ಇದೇನ ಮಾಡೀಯವಾ? ನಿಮ್ಮಪ್ಪನ ಹೆಸರಿಗೆ 'ದಿ.' ಹಚ್ಚೀಯಲ್ಲ!"

ನಾನು ಹಚ್ಚಿರಲಿಲ್ಲ. ಅಪ್ಪನ ಹೆಸರಿನ ನಂತರ ಅದೇ ಸಾಲಿನಲ್ಲಿದ್ದ, ತೀರಿಹೋದ ಅಜ್ಜನ ಹೆಸರಿಗೆ ಹಾಕಿದ್ದ 'ದಿ.' ಅದು. ಅಕ್ಷರ ಒಂಚೂರು ದೊಡ್ಡದು ಮಾಡಿದ್ದಕ್ಕೆ ಸಾಲು ಒಡೆದು ಅಜ್ಜನ ಹೆಸರು ಕೆಳಗಿಳಿದಿತ್ತು. 'ದಿ.' ಮಾತ್ರ ಮೇಲಿನ ಸಾಲಿನಲ್ಲೇ ಉಳಿದು ಅಪ್ಪನ ಹೆಸರಿನ ಪಕ್ಕ ಕೂತಿತ್ತು.

ಶಕುನ ಗಿಕುನ ನಂಬುವವಳಲ್ಲ ಎಂದು ಜಂಬ ಕೊಚ್ಚುತ್ತಿದ್ದವಳು ನಾನು. ಆ ಹೊತ್ತಿಗೆ ಜಂಬವೆಲ್ಲ ಎಲ್ಲಿ ಹೋಯಿತೋ. 'ದಿ.'ಗೂ ಅಜ್ಜನ ಹೆಸರಿಗೂ ನಡುವಿನ ಸಾದಾ ಸ್ಪೇಸ್ ಅಳಿಸಿ, ಸಾಲು ಒಡೆಯಲು ಬಿಡದ ಸ್ಪೇಸ್ ಹಾಕಿದೆ. ನೋಡಲು ಎರಡೂ ಒಂದೇ, ಬರೀ ಖಾಲಿ ಜಾಗ. ಆದರೆ ಇದನ್ನು ಹಾಕಿದರೆ ಅಕ್ಕಪಕ್ಕದ ಪದಗಳು ಒಂದನ್ನೊಂದು ಬಿಡುವುದಿಲ್ಲ. 'ದಿ.' ಟಕ್ಕನೆ ಕೆಳಗಿಳಿದು ಅಜ್ಜನನ್ನು ಸೇರಿಕೊಂಡಿತು.

"ಅಲ್ಲೇನ ಹಾಕಿದಿ? ನನಗೇನೂ ಕಾಣವಲ್ದು" ಎಂದಳು ಅವ್ವ.

"ಅದು ಕಾಣೂದಿಲ್ಲ ಬೇ. ಆದ್ರ ಹಿಡಕೊಂಡಿರ್ತೈತಿ."

"ಕಾಣದ್ದನ್ನ ನಂಬಿ ಕುಂಡ್ರಲೇನು? ಪ್ರೆಸ್ಸಿನ್ಯಾಗ ಮತ್ತ ಮ್ಯಾಲ ಹತ್ತಿದ್ರ?"

ಸಮಾಧಾನ ಹೇಳುವ ಧೈರ್ಯ ನನಗೂ ಇರಲಿಲ್ಲ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ ಸಾಲುಗಳು ಅಡ್ಡಾದಿಡ್ಡಿಯಾದದ್ದನ್ನು ಎಷ್ಟೋ ಸಲ ಕಂಡಿದ್ದೆ. ಎಂಟರ್ ಒತ್ತಿ ಅಪ್ಪನ ಸಾಲಿಗೂ ಅಜ್ಜನ ಸಾಲಿಗೂ ನಡುವೆ ಒಂದು ಸಾಲು ಖಾಲಿ ಬಿಟ್ಟೆ. "ಇನ್ನೊಂದ್ ಬಿಡು" ಎಂದಳು. ಬಿಟ್ಟೆ. ಪತ್ರಿಕೆ ಹಲ್ಲುದುರಿದ ಬಾಯಿಯ ಹಾಗೆ ಕಾಣತೊಡಗಿತು. ಇಂಥದ್ದನ್ನು ಬೇರೆ ಯಾರಾದರೂ ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಹುಬ್ಬಳ್ಳಿಯ ಬಸ್ಸು ಶಿಗ್ಗಾಂವಿ ದಾಟಿದರೂ ಅವ್ವ ಹೊಸ ಪ್ರಿಂಟಿನ ಹಾಳೆ ಮಡಚಲಿಲ್ಲ. ಆ ಜಾಗದ ಮೇಲೆ ಬೆರಳಾಡಿಸುತ್ತಲೇ ಇದ್ದಳು.

ಅಪ್ಪ ಮಲಗಿದಲ್ಲೇ ಕನ್ನಡಕ ಏರಿಸಿ ನಿಧಾನಕ್ಕೆ ಓದಿದ.

"ಎಲ್ಲಾ ಬರೋಬ್ಬರಿ ಐತಿ" ಎಂದ. "ನಮ್ಮಪ್ಪಗೂ ನನಗೂ ನಡುವ ಇಷ್ಟ್ಯಾಕ ಜಾಗ ಬಿಟ್ಟೀರಿ?"

ಅವ್ವ ಅವನ ಕೈಯಿಂದ ಹಾಳೆ ತೆಗೆದುಕೊಂಡಳು.

"ಅದೂ ಸಾಲಂಗಿಲ್ರಿ" ಎಂದಳು. "ಇನ್ನೂ ಭಾಳ ಬಿಡಬೇಕಿತ್ತು."